ಸ್ಮುರ್ನದವರಿಗೆ ಹೇಳಿದ 'ಹತ್ತು ದಿವಸ' ಯಾವುದು?

ಬುಧವಾರದ ಬೆಂಚು:
ಹೋದ ವಾರ ನಮ್ಮ ಬೈಬಲ್ ಸ್ಟಡಿಯಲ್ಲಿ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 2ನೇ ಅಧ್ಯಾಯ ಓದಿದೆವು, ಸಭೆಗಳಿಗೆ ಬರೆದ ಪತ್ರಗಳು ಅದರಲ್ಲಿವೆ. ನಿಮ್ಮಲ್ಲಿ ಕೆಲವರು ಸೆರೆಮನೆಗೆ ಹೋಗುತ್ತೀರಿ, ಹತ್ತು ದಿವಸ ಸಂಕಟ ಇರುತ್ತದೆ ಅಂತ ಸ್ಮುರ್ನ ಸಭೆಗೆ ಹೇಳಿದೆಯಲ್ಲ, ಅದು ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಮೇಲೆ ಶುರು ಮಾಡಿದ ಹಿಂಸೆ, 303ರಿಂದ 313, ಸರಿಯಾಗಿ ಹತ್ತು ವರ್ಷ ಅಂತ ಒಬ್ಬರು ಬೋರ್ಡ್ ಮೇಲೆ ಬರೆದೇಬಿಟ್ಟರು. ಇನ್ನೊಬ್ಬರು, ಅಲ್ಲ, ನೀರೋನಿಂದ ಹಿಡಿದು ಕ್ರೈಸ್ತರನ್ನು ಹಿಂಸಿಸಿದ ಹತ್ತು ಚಕ್ರವರ್ತಿಗಳು ಅಂದರು. ಆದರೆ ಪತ್ರ ಬಂದದ್ದು ಆ ಊರಿನವರಿಗೆ ಅಲ್ವಾ? ಇನ್ನೂರು ವರ್ಷ ಆದಮೇಲೆ ಆಗುವುದನ್ನು ಹೇಳಿದರೆ ಅವತ್ತು ಹೆದರಿ ಕೂತಿದ್ದವರಿಗೆ ಏನು ಸಮಾಧಾನ?

ಹಳೇ ಓದುಗ:
ಸುಮ್ನೆ ಲೆಕ್ಕ ಹೊಂದಿಸುವುದು ಅಷ್ಟೇ. 311ರಲ್ಲೇ ಚಕ್ರವರ್ತಿ ಗಲೇರಿಯಸ್ ಹಿಂಸೆ ನಿಲ್ಲಿಸಿ ಎಂದು ಆಜ್ಞೆ ಹೊರಡಿಸಿದ್ದ, ಪಶ್ಚಿಮದಲ್ಲಂತೂ ಅದಕ್ಕೂ ಮುಂಚೆಯೇ ತಣ್ಣಗಾಗಿತ್ತು. ಹತ್ತು ಚಕ್ರವರ್ತಿಗಳ ಲೆಕ್ಕವನ್ನು ಹಳೇ ಕಾಲದ ಕ್ರೈಸ್ತ ಪಂಡಿತ ಅಗಸ್ಟೀನನೇ ಒಪ್ಪಿರಲಿಲ್ಲ. ಐಗುಪ್ತದ ಹತ್ತು ಬಾಧೆಗಳಿಗೆ ಜೋಡಿ ಮಾಡೋಕೆ ಜನ ಹಾಗೆ ಎಣಿಸುತ್ತಾರೆ, ಹಾಗಾದರೆ ನೀರೋಗಿಂತ ಮುಂಚೆ ಸತ್ತ ಸ್ತೆಫನ, ಯಾಕೋಬ ಇವರೆಲ್ಲ ಯಾವ ಲೆಕ್ಕಕ್ಕೆ ಅನ್ನುವುದು ಅವನ ತಕರಾರು. ನನಗೆ ದಾನಿಯೇಲ 1ನೇ ಅಧ್ಯಾಯವೇ ಸರಿ ಅನಿಸುತ್ತದೆ. ಅಲ್ಲೂ ದಾನಿಯೇಲ, ಹತ್ತು ದಿವಸ ಕಾಯಿಪಲ್ಯ, ನೀರು ಕೊಟ್ಟು ನಮ್ಮನ್ನು ಪರೀಕ್ಷಿಸಿ ಎನ್ನುತ್ತಾನೆ. ಪರೀಕ್ಷೆ, ಅದಕ್ಕೊಂದು ಕೊನೆ. ಸ್ಮುರ್ನದವರಿಗೂ ಅಷ್ಟು ಸಾಕಿತ್ತು.

ಇಜ್ಮಿರ್ ಪ್ರೇಮಿ:
ಆ ಊರು ಈಗಿನ ಟರ್ಕಿಯ ಇಜ್ಮಿರ್. ಅಲ್ಲಿಯ ಬಿಷಪ್ ಪಾಲಿಕಾರ್ಪ್ ಸುಮಾರು 155ರಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟು ರಕ್ತಸಾಕ್ಷಿಯಾದರು. ಸ್ಮುರ್ನದವರೇ ಅದನ್ನು ಪತ್ರದಲ್ಲಿ ಬರೆದು ಫಿಲೊಮೇಲಿಯಂ ಎಂಬ ಊರಿನ ಸಭೆಗೆ ಕಳಿಸಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ಒಂದು ವಿಷಯ ಇದೆ. ಫ್ರುಗ್ಯ ಎಂಬ ಪ್ರಾಂತ್ಯದಿಂದ ಬಂದ ಕ್ವಿಂಟಸ್ ಎಂಬವನು ತಾನಾಗಿಯೇ ಮುಂದೆ ಹೋಗಿ ಸಿಕ್ಕಿಬಿದ್ದ, ಬೇರೆಯವರನ್ನೂ ಎಳೆದುಕೊಂಡು ಹೋದ, ಕಾಡುಮೃಗಗಳನ್ನು ಕಂಡ ಕೂಡಲೇ ಎದೆಯೊಡೆದು ಚಕ್ರವರ್ತಿಯ ಆಣೆ ಇಟ್ಟು ಬಲಿಯನ್ನೂ ಅರ್ಪಿಸಿದ. ತಾವಾಗಿ ಹೋಗುವವರನ್ನು ನಾವು ಹೊಗಳುವುದಿಲ್ಲ ಎಂದು ಪತ್ರ ನೇರವಾಗಿ ಹೇಳುತ್ತದೆ. ಪಾಲಿಕಾರ್ಪ್ ಮಾತ್ರ ಗೆಳೆಯರ ಮಾತು ಕೇಳಿ ಊರ ಹೊರಗಿನ ತೋಟಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹೋಗಿ ಅಡಗಿದರು. ತಲೆದಿಂಬಿಗೆ ಬೆಂಕಿ ಹತ್ತಿದ ದರ್ಶನ ಕಂಡು, ನಾನು ಜೀವಂತ ಸುಡಲ್ಪಡಬೇಕು ಅಂದರಂತೆ. ಹಿಡಿಯಲು ಬಂದವರಿಗೆ ಊಟ ಹಾಕಿಸಿದರು. ಒಂದು ಗಂಟೆ ಪ್ರಾರ್ಥನೆಗೆ ಬಿಡಿ ಎಂದು ಕೇಳಿ ಎರಡು ಗಂಟೆ ಮಾಡಿದರು! ಅಖಾಡದಲ್ಲಿ ಜನ ಸಿಂಹ ಬಿಡಿ ಎಂದು ಕೂಗಿದರೂ ಮೃಗಗಳ ಆಟ ಮುಗಿದುಹೋಗಿತ್ತು, ಹಾಗಾಗಿ ಬೆಂಕಿಯೇ ಆಯಿತು. ಕ್ರಿಸ್ತನನ್ನು ಬೈಯಿ, ಬಿಡುತ್ತೇನೆ ಎಂದ ರೋಮನ್ ಅಧಿಪತಿಗೆ, ಎಂಬತ್ತಾರು ವರ್ಷ ಸೇವೆ ಮಾಡಿದ್ದೇನೆ, ಅವನು ನನಗೆ ಏನೂ ಕೇಡು ಮಾಡಿಲ್ಲ ಎಂದರು.

ಸುಮ್ನೆ ಕೇಳ್ತೀನಿ:
ಬಿಷಪ್ಪೇ ಅಡಗಿ ಕೂತರೆ ಉಳಿದವರು ಏನು ಮಾಡಬೇಕು?

ಹಳೇ ಓದುಗ:
ಮತ್ತಾಯ 10:23 ನೋಡಿ, ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಓಡಿ ಅಂತ ಯೇಸುವೇ ಹೇಳಿದ್ದು. ಓಡಬೇಡ ಅಂತಿಲ್ಲ, ಸಿಕ್ಕಾಗ ಸುಳ್ಳು ಹೇಳಬೇಡ ಅಂತಿದೆ. ರಕ್ತಸಾಕ್ಷಿ ಅನ್ನುತ್ತೇವಲ್ಲ, ಗ್ರೀಕ್ ಪದಕ್ಕೂ ಮೊದಲಿನ ಅರ್ಥ ಬರೀ ಸಾಕ್ಷಿ.

ಬುಧವಾರದ ಬೆಂಚು:
ಪ್ರಕಟನೆ 6ರಲ್ಲಿ ಕೊಲ್ಲಲ್ಪಟ್ಟವರೇ ಎಲ್ಲಿಯ ತನಕ ಅಂತ ಕೇಳುತ್ತಾರೆ, ಇನ್ನು ಸ್ವಲ್ಪ ಕಾಲ ಇರಿ ಅಂತ ಬಿಳಿ ಅಂಗಿ ಕೊಡುತ್ತಾರೆ, ಇಸವಿ ಕೊಡುವುದಿಲ್ಲ. ಈ ಬುಧವಾರ ಕ್ವಿಂಟಸ್ ಕಥೆ ಹೇಳುತ್ತೇನೆ. ಬೋರ್ಡ್ ಮೇಲೆ 303-313 ಇನ್ನೂ ಹಾಗೇ ಇದೆ, ಒರೆಸೋಕೆ ಧೈರ್ಯ ಬರಬೇಕು.