ಬೇಯೋಸಿಸ್ಟಿನ್: ಗ್ರಾಹಕದ ಮೇಲೆ ಕೆಲಸ ಮಾಡುತ್ತದೆ, ಇಲಿಯಲ್ಲಿ ಇಲ್ಲ. ಏಕೆ?

ಚಿಗುರು: ಸೈಕೆಡೆಲಿಕ್ ಅಣಬೆಗಳ ಸಣ್ಣಪುಟ್ಟ ಸಂಯುಕ್ತಗಳ ಬಗ್ಗೆ ಸೆಮಿನಾರ್ ಸಿದ್ಧ ಮಾಡುತ್ತಿದ್ದೇನೆ. ಒಂದು ಕಡೆ ತಾಳೆ ಆಗ್ತಿಲ್ಲ. ಅಂಥ ಒಂದು ಸಂಯುಕ್ತ ಬೇಯೋಸಿಸ್ಟಿನ್. ಅದು ದೇಹದಲ್ಲಿ ಫಾಸ್ಫೇಟ್ ಕಳೆದುಕೊಂಡು ನಾರ್‌ಸಿಲೋಸಿನ್ ಆಗುತ್ತದೆ. ಅದು ಸೈಕೆಡೆಲಿಕ್ ಪರಿಣಾಮಕ್ಕೆ ಕಾರಣವಾಗುವ ಸೆರೊಟೋನಿನ್ 2ಎ ಗ್ರಾಹಕವನ್ನು (ರಿಸೆಪ್ಟರ್) ಜೋರಾಗಿಯೇ ಚುರುಕುಗೊಳಿಸುತ್ತದೆ. ಆದರೆ ಬೇಯೋಸಿಸ್ಟಿನ್ ಕೊಟ್ಟ ಇಲಿಗಳು ತಲೆ ಕೊಡವುವುದಿಲ್ಲ. ಈ ಅಣಬೆಗಳ ಮುಖ್ಯ ಸಂಯುಕ್ತ ಸಿಲೋಸೈಬಿನ್ ಕೊಟ್ಟರೆ ಕೊಡವುತ್ತವೆ. ಇಲಿಗಳಲ್ಲಿ ಸೈಕೆಡೆಲಿಕ್ ಪರಿಣಾಮದ ಗುರುತು ಅಂತ ನೋಡುವುದು ಇದನ್ನೇ. ಯಾವುದನ್ನು ನಂಬಲಿ?

ಬೇರುಬಿಳಲು: ಎರಡನ್ನೂ ನಂಬಿ. ಜೀವಕೋಶದ ಪರೀಕ್ಷೆಯಲ್ಲಿ ಸಂಯುಕ್ತವನ್ನು ನಾವೇ ಗ್ರಾಹಕದ ಮುಂದೆ ಇಡುತ್ತೇವೆ. ದೇಹದಲ್ಲಿ ಅದು ತಾನೇ ಮಿದುಳಿನ ತನಕ ಹೋಗಬೇಕು. ಸಿಲೋಸೈಬಿನ್ ದೇಹದಲ್ಲಿ ಸಿಲೋಸಿನ್ ಆಗುತ್ತದೆ. ಸಿಲೋಸಿನ್‌ನ ಸಾರಜನಕದ ಮೇಲೆ ಎರಡು ಮೀಥೈಲ್ ಗುಂಪುಗಳಿವೆ, ನಾರ್‌ಸಿಲೋಸಿನ್‌ನಲ್ಲಿ ಒಂದೇ. ಹಾಗಾಗಿ ಮೋನೋಅಮೀನ್ ಆಕ್ಸಿಡೇಸ್ ಕಿಣ್ವ ಅದನ್ನು ಬೇಗ ಒಡೆಯುತ್ತದೆ. ಮಿದುಳಿಗೆ ಸೇರುವುದೂ ಕಡಿಮೆ.

ಚಿಗುರು: ಹಾಗಾದರೆ ಇನ್ನೊಂದು ಸಣ್ಣ ಸಂಯುಕ್ತ ಎರುಜಿನಾಸಿನ್? ಅದರಲ್ಲಿ ಮೂರು ಮೀಥೈಲ್ ಇವೆಯಲ್ವಾ?

ಬೇರುಬಿಳಲು: ಮೂರಾದಾಗ ಸಾರಜನಕಕ್ಕೆ ಕಾಯಂ ಧನ ವಿದ್ಯುದಂಶ ಬರುತ್ತದೆ. ಅಂಥ ಅಣುವಿಗೆ ಮಿದುಳಿನ ತಡೆಗೋಡೆ ದಾಟುವುದು ಬಹಳ ಕಷ್ಟ. 1989ರಲ್ಲಿ ಯೋಖೆನ್ ಗಾರ್ಟ್ಸ್ ಇದನ್ನು ಇನೋಸೈಬ್ ಎರುಜಿನಾಸೆನ್ಸ್ ಅಣಬೆಯಲ್ಲಿ ವರದಿ ಮಾಡಿದರು. ಆ ಅಣಬೆಯನ್ನು ತಿಳಿಯದೆ ತಿಂದವರಲ್ಲಿ ಉಲ್ಲಾಸವೇ ಜಾಸ್ತಿ ಕಂಡಿತ್ತು. ಇದು ಎರುಜಿನಾಸಿನ್‌ನಿಂದಲೇ ಅಂತ ಬರೆಯಬೇಡಿ. ಅದೇ ಅಣಬೆಯಲ್ಲಿ ಸಿಲೋಸೈಬಿನ್ ಕೂಡ ಇದೆ.

ಹಾವಸೆ: ನಡುವೆ ಒಂದು ಮಾತು. ಅಣಬೆಯನ್ನು ಶುದ್ಧ ಸಿಲೋಸೈಬಿನ್ ಜೊತೆ ಹೋಲಿಸುವಾಗ ಅದರಲ್ಲಿರುವ ಸಿಲೋಸೈಬಿನ್ ಮತ್ತು ಸಿಲೋಸಿನ್ ಮಿಲಿಗ್ರಾಂಗಳನ್ನು ಸುಮ್ನೆ ಕೂಡಿಸಿದ್ದೀರಾ? ಅಣುತೂಕ ಸುಮಾರು 284 ಮತ್ತು 204. ಅಂದರೆ 1 ಮಿ.ಗ್ರಾಂ ಸಿಲೋಸೈಬಿನ್ ಪೂರ್ತಿ ಬದಲಾದರೂ ಸಿಗುವ ಸಿಲೋಸಿನ್ 0.72 ಮಿ.ಗ್ರಾಂ ಮಾತ್ರ. ಇದನ್ನು ಸರಿಪಡಿಸದೆ ಹೋಲಿಸಿದರೆ ಇಲ್ಲದ ವ್ಯತ್ಯಾಸವೂ ಕಾಣುತ್ತದೆ. ಮೊದಲು ಇದನ್ನು ನೋಡಿ, ಆಮೇಲೆ ಉಳಿದ ಸಂಯುಕ್ತಗಳ ಮೇಲೆ ಅನುಮಾನ ಪಡಿ.

ಚಿಗುರು: ಹೌದು, ನೇರವಾಗಿ ಕೂಡಿಸಿದ್ದೆ. ತಿದ್ದುತ್ತೇನೆ. ಹಾಗಾದರೆ ಸಣ್ಣ ಸಂಯುಕ್ತಗಳಿಗೆ ಪಾತ್ರವೇ ಇಲ್ಲವೇ?

ಬೇರುಬಿಳಲು: ಹಾಗೆ ಬಾಗಿಲು ಹಾಕಬೇಡಿ, ನನಗೆ ಅದೇ ಕುತೂಹಲದ ಭಾಗ. 2019ರಲ್ಲಿ ಸಿಲೋಸೈಬ್ ಅಣಬೆಗಳಲ್ಲಿ ಹಾರ್ಮೇನ್ ಥರದ ಬೀಟಾ ಕಾರ್ಬೋಲಿನ್‌ಗಳು ಸಿಕ್ಕವು. ಇವು ಮೇಲೆ ಹೇಳಿದ ಮೋನೋಅಮೀನ್ ಆಕ್ಸಿಡೇಸ್ ಕಿಣ್ವವನ್ನೇ ತಡೆಯುತ್ತವೆ. ಆದರೆ ಪ್ರಮಾಣ ತೀರಾ ಕಡಿಮೆ, ಅದೇ ತೊಡಕು. 2024ರ ಇಲಿ ಅಧ್ಯಯನವೊಂದನ್ನೂ ಸೇರಿಸಿ. ಅಣಬೆಯ ಸಾರ ಮತ್ತು ಶುದ್ಧ ಸಿಲೋಸೈಬಿನ್ ಕೊಟ್ಟಾಗ ತಲೆ ಕೊಡವುವುದು ಒಂದೇ ರೀತಿ ಇತ್ತು. ನರಕೋಶಗಳ ಸಂಧಿಯ ಪ್ರೋಟೀನ್‌ಗಳ ಮೇಲೆ ಮಾತ್ರ ಸಾರದ ಪ್ರಭಾವ ಹೆಚ್ಚಿತ್ತು. ಆದ್ದರಿಂದ ಗ್ರಾಹಕ, ಮಿದುಳಿಗೆ ಸೇರುವುದು, ವರ್ತನೆ, ಈ ಮೂರಕ್ಕೂ ನಿಮ್ಮ ಸೆಮಿನಾರ್ ಪಟ್ಟಿಯಲ್ಲಿ ಬೇರೆ ಬೇರೆ ಕಾಲಂ ಮಾಡಿ. ಮನುಷ್ಯರ ಅನುಭವದ ಮಾತುಗಳನ್ನು ಅವುಗಳ ಜೊತೆ ಬೆರೆಸಬೇಡಿ. ಏನು ತೆಗೆದುಕೊಂಡಿದ್ದೇವೆ ಅಂತ ಗೊತ್ತಿದ್ದವರ ನಿರೀಕ್ಷೆಯೇ ಅನುಭವವನ್ನು ಬದಲಿಸುತ್ತದೆ.