ಕ್ರೀಟ್ ದ್ವೀಪದಾಗ ಗದ್ದಲ ಇಲ್ಲದ ನೇಚರಿಸ್ಟ್ ಬೀಚ್ ಹುಡುಕೋದು ಹೆಂಗ?

ಉಣಕಲ್ ದಂಡಿ (ಹುಬ್ಬಳ್ಳಿ):
ಸೆಪ್ಟೆಂಬರದಾಗ ನಾವು ಗಂಡ-ಹೆಂಡ್ತಿ ಗ್ರೀಸಿನ ಕ್ರೀಟ್ ದ್ವೀಪಕ್ಕ ಹೊಂಟೀವ್ರಿ. ಬಟ್ಟಿ ಇಲ್ಲದ ಈಜೋ ಬೀಚ್ ಬೇಕು, ಆದ್ರ ಛತ್ರಿ-ಖುರ್ಚಿ ಹಾಕಿ ಹಾಡು ಹಚ್ಚಿದ್ದು ಬ್ಯಾಡ. ನಡಕೊಂಡು ಇಲ್ಲಾ ಸಣ್ಣ ದೋಣಿಯೊಳಗ ಹೋಗೋವಂಥ ಜಾಗಾ ಆಗಬೇಕು. ಕಾನೂನು ಏನೈತಿ? ನಕಾಶೆ ನೋಡಿ ಹೆಂಗ ಗುರುತಿಸೋದು? ಕಾರು ಬೇಕಾಕ್ಕೈತೇನು?

ಸಾಧನಕೇರಿ (ಧಾರವಾಡ):
ಕಾನೂನು ಮೊದಲು. ಗ್ರೀಸಿನ 1983ರ 1399ನೇ ಕಾಯ್ದೆ ನೇಚರಿಸ್ಟರಿಗಂತನ ಗೊತ್ತು ಮಾಡಿದ ಕೇಂದ್ರಗಳಿಗೆ ಒಪ್ಪಿಗೆ ಕೊಡ್ತದ. ಉಳಿದ ಕಡೆ ನಡೆಯೋದೆಲ್ಲಾ ರೂಢಿ, ಹಕ್ಕಲ್ಲ. ಯಾರರ ದೂರು ಕೊಟ್ರ ಪೊಲೀಸರು ಬರಬಹುದು. ಹಿಂಗಾಗಿ ಊರ ಮುಂದಿನ ಬೀಚು, ಚರ್ಚಿನ ಹತ್ತಿರದ ದಂಡಿ, ಮಕ್ಕಳು-ಮರಿ ಕೂಡಿದ ಜಾಗಾ ಬಿಟ್ಟುಬಿಡ್ರಿ.

ನಕಾಶೆಯೊಳಗ ಉಪಗ್ರಹದ ಚಿತ್ರ ಹಚ್ಚಿ ನೋಡ್ರಿ. ಡಾಂಬರು ರಸ್ತಾ ದಂಡಿ ತನಕ ಬಂದಿದ್ರ ಬ್ಯಾಡ. ಛತ್ರಿಗಳು ಸಾಲಾಗಿ ಚುಕ್ಕಿ ಚುಕ್ಕಿ ಕಂಡ್ರ ಅದೂ ಬ್ಯಾಡ. ಛತ್ರಿ ಬಂದಂಗೆಲ್ಲಾ ಬೆತ್ತಲೆ ಈಜೋರು ದಂಡಿಯ ತುದಿಗೆ ಸರೀತಾರ. ಹಿಂದ ಗುಡ್ಡದ ಗೋಡಿ, ಹತ್ತಿರದ ಊರಿಂದ ಅರ್ಧ-ಒಂದು ತಾಸಿನ ಕಾಲ್ದಾರಿ, ಇಂಥಾದ್ದು ಸಿಕ್ರ ಗುರುತು ಹಾಕ್ಕೋರಿ. ಗೋಕರ್ಣದಾಗ ಓಂ ಬೀಚಿನಿಂದ ಹಾಫ್ ಮೂನ್‌ಗೆ ಹೋಗೋ ದಾರಿ ಇದ್ದಂಗ.

ನಿಮಗ ಸರಿಹೊಂದೋದು ದಕ್ಷಿಣ ದಂಡಿಯ ಗ್ಲಿಕಾ ನೇರಾ. ಹೋರಾ ಸ್ಫಾಕಿಯೋನ್ (ಸ್ಫಾಕಿಯಾ ಅಂತನೂ ಅಂತಾರ) ಮತ್ತ ಲುತ್ರೊ ಅನ್ನೋ ದಂಡಿಯ ಊರುಗಳ ನಡುವ ಅದ, ರಸ್ತಾ ಇಲ್ಲ. ಹೋರಾ ಸ್ಫಾಕಿಯೋನ್‌ದಿಂದ ಅನೊಪೊಲಿ ಊರಿನ ರಸ್ತಾ ಹಿಡದು ಹೋದ್ರ ಮೊದಲನೇ ದೊಡ್ಡ ತಿರುವಿನಿಂದ ಇ-4 ಅನ್ನೋ ಯುರೋಪಿನ ಉದ್ದನ ಕಾಲ್ದಾರಿ ಹಿಡೀಬೇಕು. ಅಲ್ಲಿಂದ ಮುಕ್ಕಾಲು ತಾಸಿನ ಆಸುಪಾಸು. ಒಂದು ತುಣುಕು ಬಂಡೆಗಲ್ಲಿನೊಳಗ ಕಡದ ಹಾದಿ, ಕಟಾಂಜನ ಇಲ್ಲ. ತಲಿ ತಿರುಗೋರು ಲುತ್ರೊದಿಂದ ದೋಣಿ ಹಿಡೀರಿ. ಚಪ್ಪಲ್ ಮ್ಯಾಲೆ ಹೋಗಬ್ಯಾಡ್ರಿ, ಸಡ್ಲ ಕಲ್ಲು ಜಾರ್ತಾವ. ದಾರಿಗೆ ನೆರಳಿಲ್ಲ, ಮುಂಜಾನೆ 8ರೊಳಗ ಹೊಂಡ್ರಿ, ತಲಾ 2 ಲೀಟರ್ ನೀರು ಇರಲಿ. ದಂಡಿ ತುಂಬ ಉರುಟು ಕಲ್ಲು, ತೆಳ್ಳನ ಟಾವೆಲ್ ಸಾಲಂಗಿಲ್ಲ, ಫೋಮಿನ ಚಾಪಿ ಒಯ್ಯಿರಿ. ಕಲ್ಲು ಸರಿಸಿ ಸ್ವಲ್ಪ ತೋಡಿದ್ರ ಬೆಟ್ಟದಿಂದ ಇಳಿದ ಸಿಹಿನೀರು ಬರ್ತದ, ಉಪ್ಪು ತೊಳಕೊಳ್ಳಾಕ ಅನುಕೂಲ. ನೆರಳಿಗಂತ ಬಂಡೆಗಲ್ಲಿನ ಬುಡಕ್ಕ ಮಾತ್ರ ಮಲಗಬ್ಯಾಡ್ರಿ. ಮ್ಯಾಲಿಂದ ಕಲ್ಲು ಉದರ್ತಾವ, ಅಲ್ಲಿಯ ಖರೇ ಅಪಾಯ ಇದು.

ಕಪ್ಪತಗುಡ್ಡದ ಗಾಳಿ (ಗದಗ):
ಗಾಳಿ ವಿಚಾರ ಯಾರೂ ಹೇಳಿಲ್ಲ, ಬೀಚ್ ಆರಿಸೋದು ಅದರ ಮ್ಯಾಲೆ ಐತ್ರಿ. ಜುಲೈ-ಆಗಸ್ಟಿನಾಗ ಮೆಲ್ತೆಮಿ ಅಂತ ಉತ್ತರದ ಗಾಳಿ ಜೋರು, ಸೆಪ್ಟೆಂಬರದಾಗೂ ಒಮ್ಮೊಮ್ಮೆ ಏಳತೈತಿ. ಉತ್ತರ ದಂಡಿಗೆ ತೆರಿ ಬರ್ತಾವ. ದಕ್ಷಿಣದಾಗ ಅದ ಗಾಳಿ 2,400 ಮೀಟರ್ ದಾಟಿದ ಬಿಳಿ ಬೆಟ್ಟಗಳಿಂದ ಧಡಾಧಡಾ ಇಳದು ದಂಡಿಯಿಂದ ಸಮುದ್ರದ ಕಡೆ ಬೀಸತೈತಿ. ದಂಡಿ ಹತ್ತಿರ ನೀರು ಶಾಂತ ಕಾಣಸತೈತಿ, ಮೋಸ ಹೋಗೋದು ಅಲ್ಲೇ. ಗಾಳಿ ತುಂಬೋ ತೇಲುಹಾಸಿಗೆ ಮ್ಯಾಲೆ ಮಲಗಿದ್ರ ಲಿಬಿಯಾ ಕಡೆ ಹೊಂಟಂಗ. ವಾಪಸ್ ಈಜಾಕ ಆಗೂದಿಲ್ಲ. ಅದನ್ನ ಒಯ್ಯಲೇಬ್ಯಾಡ್ರಿ. ಗಾಳಿ ದಿನ ಸಣ್ಣ ದೋಣಿ ನಿಂತುಬಿಡ್ತಾವ, ಅದಕ್ಕ ದೋಣಿಯೊಳಗ ಹೋದವರಿಗೂ ನಡಿಯೋ ಬೂಟು ಬೇಕು.

ಕ್ರೀಟಿನ ದಕ್ಷಿಣಕ್ಕಿರೋ ಸಣ್ಣ ಗಾವ್ದೋಸ್ ದ್ವೀಪದ ಆಸೆ ಇದ್ರ ಸಾರಾಕಿನಿಕೊ, ಲಾವ್ರಾಕಾಸ್ ಬೀಚು ಭಾಳ ಛಲೋ, ಬಟ್ಟಿ ಇಲ್ಲದ ಓಡಾಡೋದು ಅಲ್ಲಿ ಹಳೇ ರೂಢಿ. ಗಾಳಿಗೆ ಹಡಗು ರದ್ದಾದ್ರ ಅಲ್ಲೇ ಸಿಕ್ಕೊಂತೀರಿ. ವಿಮಾನಕ್ಕ ಮುಂಚೆ 2 ದಿನ ಖಾಲಿ ಇಟ್ಕೋರಿ.

ವರದಾ ತೀರ (ಹಾವೇರಿ):
ಕಾರಿನ ಬಗ್ಗೆ: ಸ್ಫಾಕಿಯಾಕ್ಕಷ್ಟೇ ಆದರೆ ಹಾನಿಯಾ ಊರಿಂದ ಬಸ್ ಸಾಕು, ಸುಮಾರು ಎರಡು ತಾಸು. ದಕ್ಷಿಣ ದಂಡೆಯ ಮತಾಲಾ ಊರಿನ ಕೆಂಪು ಬೀಚ್ ಸಹ ನೋಡೋದಿದ್ದರೆ ಕಾರು ತಗೊಳ್ಳಿ. ಅದು ಮತಾಲಾದಿಂದ ಗುಡ್ಡ ಹತ್ತಿ ಅರ್ಧ ತಾಸಿನ ನಡಿಗೆ. ನಮ್ಮ ಲೈಸನ್ಸ್ ಜೊತೆ ಅಂತರರಾಷ್ಟ್ರೀಯ ಪರ್ಮಿಟ್ ಇರಬೇಕು: ಸಾರಥಿ ಪೋರ್ಟಲ್‌ನಲ್ಲಿ ಫಾರ್ಮ್ 4ಎ, 1,000 ರೂಪಾಯಿ ಫೀ, ನಿಮ್ಮ ವಿಳಾಸ ಯಾವ ಆರ್‌ಟಿಒಗೆ ಬರುತ್ತದೋ ಅಲ್ಲೇ. ಮಣ್ಣುದಾರಿಯಲ್ಲಿ ಟೈರು, ಕಾರಿನ ತಳ ಹಾಳಾದರೆ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಕೊಡೋದಿಲ್ಲ; ಡಾಂಬರು ಮುಗಿದಲ್ಲಿ ನಿಲ್ಲಿಸಿ ನಡೆಯಿರಿ.

ಬೀಚಿನಲ್ಲಿ ಮೊಬೈಲ್ ಚೀಲದಿಂದ ಹೊರಗೆ ತೆಗೀಬೇಡಿ. ಸೆಲ್ಫಿ ಕೂಡ ಬೇಡ, ಹಿಂದೆ ಬೇರೆಯವರು ಇರುತ್ತಾರೆ. ಪಕ್ಕದವರಿಂದ ದೂರ ಕೂಡಿ, ದಿಟ್ಟಿಸಬೇಡಿ. ನೀರಿಗೆ ಇಳಿಯುವಾಗ ಬಿಚ್ಚಿ, ಹೋಟೆಲ್ ಕಡೆ ಹೋಗುವಾಗ ಉಟ್ಟುಕೊಳ್ಳಿ. ಎಂದೂ ಬಿಸಿಲು ಕಾಣದ ಚರ್ಮ ಬೇಗ ಸುಡುತ್ತದೆ, ನಮ್ಮ ಬಣ್ಣಕ್ಕೂ ವಿನಾಯಿತಿ ಇಲ್ಲ. ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಎರಡು ತಾಸಿಗೊಮ್ಮೆ ಹಚ್ಚಿ. ಬಂಡೆಗಳ ಮೇಲೆ ಮುಳ್ಳಿನ ಸಮುದ್ರಜೀವಿಗಳು ಇರುತ್ತವೆ, ರಬ್ಬರ್ ಬೂಟು ಹಾಕಿಕೊಂಡೇ ಇಳಿಯಿರಿ. ಅಲ್ಲಿ ರೂಢಿಯಾಯಿತು ಅಂತ ಗೋಕರ್ಣದಲ್ಲಿ ಮಾಡಬೇಡಿ; ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು ಇದೆ.

ಉಣಕಲ್ ದಂಡಿ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹಂಗಾರ ವಸ್ತಿ ಸ್ಫಾಕಿಯಾದಾಗೋ ಲುತ್ರೊದಾಗೋ?

ಸಾಧನಕೇರಿ:
ಲುತ್ರೊ. ಅಲ್ಲಿಗೂ ರಸ್ತಾ ಇಲ್ಲ, ಸಾಮಾನು ಕಡಿಮಿ ತಗೊಂಡು ದೋಣಿಯೊಳಗ ಹೋಗಬೇಕು. ಗ್ಲಿಕಾ ನೇರಾ ಒಂದು ತಾಸಿನ ನಡಿಗಿ. ಮುಂಜಾನೆ ದೋಣಿ ಮಂದಿ ಬರೋದ್ರೊಳಗ ನೀವು ಅಲ್ಲಿ ಮುಟ್ಟಿರ್ತೀರಿ.