ಒಂದ ಮಿರ್ಚಿ ಶಾರ್ಪ್, ಉಳದದ್ದೆಲ್ಲಾ ಮಂಜು

ಹುಬ್ಬಳ್ಳಿ ದುರ್ಗದಬೈಲಿನಾಗ ಸಂಜಿ ಏಳರ ಹೊತ್ತು. ಮೇಜಿನ ಮ್ಯಾಲ ಗಿರ್ಮಿಟ್ಟು, ಬಿಸಿ ಮಿರ್ಚಿ, ಅವುಗಳ ಎಣ್ಣಿ ಸಿಡೀಬಾರದಷ್ಟು ದೂರ ಒಂದು 50 ಎಂಎಂ ಎಫ್ 1.2 ಲೆನ್ಸು.

ಹುಡುಗ: ಮಾಸ್ತರ, ಲೆನ್ಸಿನ ಬಾಯಿ ಪೂರಾ ತಗದು 1.2ಕ್ಕ ಫೋಟೋ ಹೊಡದ್ರ ಕಿವಿ ಶಾರ್ಪ್ ಬರ್ತೈತಿ, ಕಣ್ಣು ಮಂಜು. ಲೆನ್ಸ್ ಕೆಟ್ಟೈತೇನ್ರಿ?

ಕಾಕಾ: ಕಿವಿ ಶಾರ್ಪ್ ಐತಿ ಅಂದ್ರ ಲೆನ್ಸ್ ಛಲೋನ ಐತಿ. ಕೆಟ್ಟದ್ದು ಅದರ ಹಿಂದ ಕುಂತೈತಿ.

ಮಾಸ್ತರ: ನಡುವಿನ ಪಾಯಿಂಟಿನ್ಯಾಗ ಕಣ್ಣು ಹಿಡದು, ಅರ್ಧ ಒತ್ತಿದ ಬಟನ್ ಬಿಡದ ಕ್ಯಾಮೆರಾ ಹೊಳ್ಳಸ್ತಿ, ಹೌದಲ್ಲೋ?

ಹುಡುಗ: ಎಲ್ಲಾರೂ ಹಂಗ ಮಾಡ್ತಾರಲ್ರಿ.

ಮಾಸ್ತರ: ಎಫ್ ನಂಬರ್ ದೊಡ್ಡದಾದಂಗ ಬಾಯಿ ಸಣ್ಣದಾಗಿ ಶಾರ್ಪ್ ಆಳ ಹೆಚ್ಚತೈತಿ, ಎಫ್ 8ಕ್ಕ ಅದು ನಡೀತೈತಿ. ಫೋಕಸ್ ಅನ್ನೂದು ಬಿಂದು ಅಲ್ಲಪಾ, ಲೆನ್ಸಿನ ಮುಂದ ನಿಂತ ಗ್ವಾಡಿ. ಕ್ಯಾಮೆರಾ ಹೊಳ್ಳಿದ್ರ ಗ್ವಾಡೀನೂ ಹೊಳ್ಳತೈತಿ. ಒಂದು ಮೀಟರ್ ದೂರದಾಗ 15 ಡಿಗ್ರಿ ಹೊಳ್ಳಿಸು, ಗ್ವಾಡಿ ಕಣ್ಣಿಗಿಂತ 3.4 ಸೆಂಟಿಮೀಟರ್ ಹಿಂದ ಹೋತು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಾಗ ಅಷ್ಟ ದೂರಕ್ಕ, 1.2ಕ್ಕ, ನಿನಗ ಶಾರ್ಪ್ ಸಿಗೂದು ಒಟ್ಟ 27 ಮಿಲಿಮೀಟರ್, ಅದೂ ಅರ್ಧ ಮುಂದ, ಅರ್ಧ ಹಿಂದ.

ಕಾಕಾ: ನಮ್ಮ ಹುಬ್ಬಳ್ಳಿ ಟೇಶನ್ ಪ್ಲ್ಯಾಟ್‌ಫಾರ್ಮ್ 1507 ಮೀಟರ್. ಇವನ ಪಾಲಿಗೆ ಬಂದದ್ದು ಒಂದು ಅಂಗುಲ.

ಮಾಸ್ತರ: ಆ ಒಂದು ಅಂಗುಲನೂ ಮೈ ತಿಂತೈತಿ. ನಿಂತ ಮನಷ್ಯಾ ತೂಗಾಡತಾನ. ಫೋಕಸ್ ಲಾಕ್ ಆದಮ್ಯಾಲ ಎರಡು ಬೆರಳಷ್ಟು ವಾಲಿದ್ರ ಮುಗೀತು. ಒಮ್ಮೆ ಹಿಡದು ನಿಂದರೂ ಸಿಂಗಲ್ ಫೋಕಸ್ ಬಿಡು, ಬೆನ್ನತ್ತಿ ಹಿಡಿಯೂ ಕಂಟಿನ್ಯೂಅಸ್ ಹಚ್ಚು. ಕ್ಯಾಮೆರಾಕ್ಕ ಕಣ್ಣು ಹಿಡಿಯೂ ಸೌಲತ್ತಿದ್ರ ಚಾಲೂ ಮಾಡಿ ಹತ್ರದ ಕಣ್ಣು ಆರಸು. ಇಲ್ಲಂದ್ರ ಪಾಯಿಂಟನ್ನ ಕಣ್ಣಿನ ಮ್ಯಾಲ ಸರಸು, ಕ್ಯಾಮೆರಾ ಹೊಳ್ಳಸಬ್ಯಾಡ. ಒಮ್ಮೆ ಒತ್ತಿದ್ರ ಮೂರು ನಾಕು ಬೀಳಲಿ.

ಹುಡುಗ: ಮ್ಯಾನ್ಯುಅಲ್‌ನ್ಯಾಗ ಪೀಕಿಂಗ್ ಐತಲ್ರಿ? ಫೋಕಸ್ ಆದ ಅಂಚಿಗೆ ಕೆಂಪು ಗೆರಿ ಮೂಡಿದ್ರ ಆತು.

ಕಾಕಾ: ಪೀಕಿಂಗ್ ಅಂದ್ರ ಲಗ್ನದ ದಲ್ಲಾಳಿ ಇದ್ದಂಗಲೇ. ಹುಬ್ಬಿಗೂ ಹೂಂ, ಮೂಗಿಗೂ ಹೂಂ. ಹತ್ತು ಪಟ್ಟು ಹಿಗ್ಗಿಸಿ ರೆಪ್ಪಿ ಕೂದಲ ನೋಡು. ನನ್ನ ಹಳೇ ಡಿಎಸ್‌ಎಲ್‌ಆರ್ ಕಿಂಡಿನೂ ಅಷ್ಟ. ಫೋಕಸಿಂಗ್ ಸ್ಕ್ರೀನು ಸುಮಾರು 2.8ರ ಆಳನ ತೋರಸ್ತೈತಿ, ನೀ 1.2 ಹಚ್ಚು, ಏನರ ಹಚ್ಚು. ಖರೇ ಬೇಕಾದ್ರ ಲೈವ್ ವ್ಯೂ ಹಚ್ಚಿ ಹಿಂದಿನ ಪರದೆದಾಗ ನೋಡು.

ಮಾಸ್ತರ: ಪರೀಕ್ಷಾನ ಮಾಡೂಣು. ಐದು ಮಿರ್ಚಿ ತೊಟ್ಟು ಮ್ಯಾಲ ಮಾಡಿ ಗಿರ್ಮಿಟ್ಟಿನ್ಯಾಗ ಊರು. ಓರಿ ಸಾಲು ಬರಲಿ, ಒಂದಕ್ಕಿಂತ ಒಂದು ಎರಡು ಸೆಂಟಿಮೀಟರ್ ಹಿಂದ. ಕ್ಯಾಮೆರಾ ಚೀಲದ ಮ್ಯಾಲ ಇಡು, ಎರಡು ಸೆಕೆಂಡ್ ಟೈಮರ್. ನಡುವಿನ ತೊಟ್ಟಿಗೆ ಫೋಕಸ್. ಪ್ರತಿ ಸಲ ಕೆಡಿಸಿ, ಹೊಸದಾಗಿ ಹಿಡಿಸಿ, ಹತ್ತು ಸಲ ತಗಿ. ಹತ್ತೂ ಸಲ ಹಿಂದಿನ ತೊಟ್ಟ ಶಾರ್ಪ್ ಇದ್ರ ಬ್ಯಾಕ್ ಫೋಕಸ್. ಡಿಎಸ್‌ಎಲ್‌ಆರ್ ಆದ್ರ ಮೈಕ್ರೋ ಅಡ್ಜಸ್ಟ್‌ಮೆಂಟಿನ್ಯಾಗ ತಿದ್ದಬಹುದು. ಒಮ್ಮೆ ಮುಂದ ಒಮ್ಮೆ ಹಿಂದ ಆದ್ರ ಅದನ್ನ ಯಾವ ಮೆನುನೂ ತಿದ್ದಂಗಿಲ್ಲ.

ಹುಡುಗ ಹತ್ತು ಸಲ ಒತ್ತಿದ, ಹಿಗ್ಗಿಸಿದ.

ಮಾಸ್ತರ: ನಡುವಿನದು?

ಹುಡುಗ: ತೊಟ್ಟಿನ ಮ್ಯಾಲಿನ ಹಿಟ್ಟಿನ ಗುಳ್ಳಿ ಸೈತ ಎಣಿಸಬಹುದ್ರಿ.

ಮಾಸ್ತರ: ಹಿಂದಿನದು?

ಹುಡುಗ: ಇಲ್ರಿ.

ಮಾಸ್ತರ: ಅಂದ್ರ ಮಂಜು?

ಹುಡುಗ: ಅಂದ್ರ ಇಲ್ಲ. ಏಳನೇ ಫೋಟೋದಾಗ ಕಾಕಾನ ಕೈ ಬಂದೈತಿ.

ಕಾಕಾ: ಹೆಂಗೂ ಮಂಜಾಗಿತ್ತಲ್ಲಪಾ, ಆರಲಿಕ್ಕೆ ಬಿಟ್ಟು ಏನ್ ಮಾಡೂದು.

ಹುಡುಗ: ಪ್ಲೇಟಿನ ಸ್ಟೀಲ್ ಅಂಚಿಗೆ ಬಣ್ಣ ಯಾಕ ಬಂತ್ರಿ? ಈಚೆ ನೇರಳೆ, ಆಚೆ ಹಸರ.

ಮಾಸ್ತರ: ಫೋಕಸಿನ ಮುಂದ ನೇರಳೆ, ಹಿಂದ ಹಸರ. ಬಣ್ಣ ಬಣ್ಣದ ಬೆಳಕು ಒಂದ ದೂರಕ್ಕ ಕೂಡಂಗಿಲ್ಲ, ಅದಕ್ಕ. 2.8ಕ್ಕ ಮುಚ್ಚಿದ್ರ ಭಾಳಷ್ಟು ಹೋಗ್ತೈತಿ. ಮೂಲಿಯೊಳಗಿನ ಬಲ್ಬ್ ಬೆಕ್ಕಿನ ಕಣ್ಣಿನಂಗ ಉದ್ದ ಆಗೂದೂ ಅಷ್ಟ: ಓರೆ ಬಂದ ಬೆಳಕನ್ನ ಲೆನ್ಸಿನ ಕೊಳವಿನ ಕತ್ತರಸ್ತೈತಿ.

ಕಾಕಾ: ನಾಳೆ ಮಧ್ಯಾಹ್ನ ಉಣಕಲ್ ಕೆರಿ ದಂಡಿಗೆ ಹೋಗಾಂವ ಅದಾನ ಇಂವ. ಬಿಸಲಾಗ?

ಮಾಸ್ತರ: ಲೆಕ್ಕಾ ಹಾಕು. ಸೆನ್ಸರಿನ ಸೂಕ್ಷ್ಮತಾ ಅಂದ್ರ ಐಎಸ್‌ಒ 100, ಎಫ್ 16, ಬಿಸಲಿಗೆ ಷಟರ್ 1/125 ಸೆಕೆಂಡ್. ಅಲ್ಲಿಂದ 1.4ಕ್ಕ ಏಳು ಸ್ಟಾಪು, ಒಂದೊಂದಕ್ಕ ಬೆಳಕು ದುಪ್ಪಟ್ಟು, ಅಂದ್ರ 1/16000. 1.2ಕ್ಕ ಇಪ್ಪತ್ತು ಸಾವಿರ ದಾಟತೈತಿ. ಭಾಳ ಕ್ಯಾಮೆರಾದಾಗ ಮೆಕ್ಯಾನಿಕಲ್ ಷಟರ್ 8000ಕ್ಕ ನಿಂದರತೈತಿ, ಕೆಲವು 4000ಕ್ಕ. ಎನ್‌ಡಿ 8 ಅನ್ನೂ ಕರಿ ಗಾಜು ಲೆನ್ಸಿಗೆ ಹಾಕಿದ್ರ ಮೂರು ಸ್ಟಾಪ್ ಇಳೀತೈತಿ. ಷಟರಿನ ಮೊದಲ ಪರದೆ ಬದಲಿ ಸೆನ್ಸರ್ ಕೆಲಸಾ ಮಾಡೂ ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಬಂದ್ ಮಾಡು, ಇಲ್ಲಂದ್ರ ಅಷ್ಟು ವೇಗದಾಗ ಹಿಂದಿನ ಬೆಳಕಿನ ಗುಂಡಗಳು ಅರ್ಧ ಕಡದಂಗ ಬರ್ತಾವು.

ಹುಡುಗ: ಆತ್ರಿ. ಈಗ ನಿಮ್ಮಿಬ್ಬರದೊಂದು ತಗೀತೀನಿ, 1.2ಕ್ಕ.

ಮಾಸ್ತರ: ಹಂಗಾದ್ರ ಇಬ್ರೂ ಒಂದ ಗ್ವಾಡ್ಯಾಗ ಕುಂದ್ರಬೇಕು, ಮೂಗಿಗೆ ಮೂಗು ಸಮ. ಇಲ್ಲಂದ್ರ 5.6ಕ್ಕ ಮುಚ್ಚು.

ಕಾಕಾ: ಮುಚ್ಚೂದು ಬ್ಯಾಡ. ಬಿಲ್ ಕೊಡಾಂವ ಶಾರ್ಪ್ ಬರಲಿ.

ಅಂದಾಂವನ ಕಾಕಾ ತನ್ನ ಖುರ್ಚಿ ಒಂದು ಗೇಣು ಹಿಂದ ಸರಿಸಿಕೊಂಡ.